ಋಣವೂ ಧನವೂ

ಮಠದ ಪಾಠಶಾಲೆಯಲ್ಲಿ ನಾವು ಮಗ್ಗಿಗಳನ್ನು ಕಂಠಸ್ಥ ಮಾಡಿದವರು. 'ಏಕೆ' ಎಂದು ಕೇಳುವ ವಾಡಿಕೆ ಅಲ್ಲಿರಲಿಲ್ಲ. ಋಣವನ್ನು ಋಣದಿಂದ ಗುಣಿಸಿದರೆ ಧನವೆಂದು ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲಿಯೇ ಹೇಳಿದ್ದಾನೆ. ಆ ನಿಯಮ ನಾಲಿಗೆಯಲ್ಲಿತ್ತು, ಕಾರಣ ಮಾತ್ರ ದೂರವಿತ್ತು.

ಮಂಗಳೂರಿನ ಫಳ್ನೀರಿನಲ್ಲಿ ಬಂಧುಗಳ ಮನೆಯಲ್ಲಿ ತಂಗಿದ್ದಾಗ ನೆರೆಮನೆಯ ಶಿಕ್ಷಕಿಯೊಬ್ಬರು ತಮ್ಮ ಪರಿಚಯ ಹೇಳಿಕೊಂಡರು. "ಆರರಿಂದ ಎಂಟನೆಯ ತರಗತಿಗಳಿಗೆ ಗಣಿತ ಕಲಿಸುತ್ತೇನೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂಡುತ್ತಾರೆ. ಎಲ್ಲರಿಗೂ ಸಮಾನವಾದದ್ದು ಲೆಕ್ಕದ ಭಯ. 'ಅರ್ಥವಾಗಲಿಲ್ಲ' ಎನ್ನುವ ಮಗುವಿನಿಂದಲೇ ನನ್ನ ಪಾಠ ಆರಂಭ."

ಬಳಿಕ ಕಾಗದದಲ್ಲಿ ಋಣ ಎರಡನ್ನು ಮೂರು, ಎರಡು, ಒಂದು, ಸೊನ್ನೆಗಳಿಂದ ಕ್ರಮವಾಗಿ ಗುಣಿಸಿ ತೋರಿದರು. ಋಣ ಆರು, ಋಣ ನಾಲ್ಕು, ಋಣ ಎರಡು, ಸೊನ್ನೆ. ಹೆಜ್ಜೆಹೆಜ್ಜೆಗೂ ಎರಡೆರಡು ಏರಿತು. ಮುಂದಿನ ಗುಣಕ ಋಣ ಒಂದು. ಕ್ರಮ ತಪ್ಪದಿರಬೇಕಾದರೆ ಫಲ ಧನ ಎರಡೇ ಆಗಬೇಕು!

'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ರಚಿಸಿದ ರಾಜಾದಿತ್ಯ 12ನೆಯ ಶತಮಾನದವನು. ಲೆಕ್ಕವು ನಮ್ಮ ನುಡಿಗಾಗಲಿ ಮನೆಗಾಗಲಿ ಪರಕೀಯವಲ್ಲ. ಆದುದರಿಂದ ತಂದೆತಾಯಿಗಳಲ್ಲಿ ನನ್ನ ವಿನಂತಿಯಿಷ್ಟೆ: ಅಂಕಪಟ್ಟಿ ಹಿಡಿದು ಗದರಿಸುವ ಮೊದಲು, ತಿಳಿಯದುದನ್ನು ತಿಳಿಯದೆನ್ನುವ ಧೈರ್ಯವನ್ನು ಮಗುವಿಗೆ ಕೊಡಿರಿ. ಅರಿವಿನ ಬಾಗಿಲು ಅಲ್ಲಿಂದಲೇ ತೆರೆಯುತ್ತದೆ.