ಮೂರು ದಿನದ ಶಿಬಿರ

ಕಾಲೇಜೊಂದು ಹುಡುಗಿಯರಿಗೆಂದೇ ಏರ್ಪಡಿಸಿದ್ದ ಮೂರು ದಿನದ ಕಂಪ್ಯೂಟರ್ ಶಿಬಿರಕ್ಕಾಗಿ ಅಕ್ಕನ ಮಗಳು ಕೆಂಚಾರ್ಲಹಳ್ಳಿಯಿಂದ ಬೆಂಗಳೂರಿಗೆ, ನಮ್ಮ ಮನೆಗೆ ಬಂದಳು. ಹೆಣ್ಣುಮಕ್ಕಳನ್ನು ವಿಜ್ಞಾನ, ಎಂಜಿನಿಯರಿಂಗಿನತ್ತ ಕರೆಯಲು ಕೇಂದ್ರ ಸರಕಾರ 2019ರಲ್ಲಿ ‘ವಿಜ್ಞಾನ ಜ್ಯೋತಿ’ ಹಚ್ಚಿತಷ್ಟೆ. ಇದೂ ಅಂಥದೇ ಒಂದು ಹಣತೆ. ಮೂರು ದಿನಕ್ಕೆ ಯಾವ ವಿದ್ಯೆ ಬಂದೀತೆಂದು ನಾನು ನಕ್ಕದ್ದುಂಟು.

ಎರಡನೆಯ ರಾತ್ರಿ ಅವಳು ಅನ್ನ ಕಲಸುವುದನ್ನೂ ಮರೆತು ಹೇಳಿದಳು: “ಮಾವ, ನಾಲ್ಕು ಸಲ ತಪ್ಪು ಬರೆದೆ. ಯಂತ್ರ ಬೈಯಲಿಲ್ಲ. ಯಾವ ಸಾಲು ಅಂತ ತೋರಿಸಿತು, ಅಷ್ಟೆ. ನಾನು ಇದನ್ನೇ ಓದಬೇಕು.”

ಭಾವನವರದು ರೇಷ್ಮೆ ಬೇಸಾಯ. ಮೂರು ದಿನಕ್ಕೆ ಒಪ್ಪಿದವರು ನಾಲ್ಕು ವರ್ಷಕ್ಕೂ ಒಪ್ಪಬೇಕಲ್ಲ! ಹುಳುವಿಗೆ ಸೊಪ್ಪು ಹಾಕುವ ಕೈ ಆ ಮನೆಯಲ್ಲಿ ಅವಳದೇ. ಅವಳನ್ನು ಊರಿಗೆ ಬಿಡಲು ಹೊರಟ ನಾನು, ಬಸ್ಸಿನಲ್ಲಿ ಚಿಂತಾಮಣಿಯವರೆಗೂ ಭಾವನವರಿಗೆ ಹೇಳುವ ಮಾತು ಜೋಡಿಸುತ್ತಲೇ ಇದ್ದೆ. “ಅದು ಬೇಡ ಮಾವ, ಹಾಗಂದ್ರೆ ಅಪ್ಪ ರೇಗ್ತಾರೆ” ಎಂದು ಅವಳೇ ತಿದ್ದುತ್ತ ಬಂದಳು.