ಮಾಮಾ, ಅಮೀನಸಾಬ್, ಪೊಲೀಸ್ ಪಾಟೀಲ

ಬೆಂಗಳೂರಿನ ಹುಡುಗರು ಪೊಲೀಸರಿಗೆ 'ಮಾಮಾ' ಅಂತಾರೆ. ಸಿಗ್ನಲ್‌ನಲ್ಲಿ ಮಾಮಾ ನಿಂತಾನೆ, ಹೆಲ್ಮೆಟ್ ಹಾಕ್ಕೋ ಅಂತ. ಜೈಲಿಗೆ 'ಮಾವನ ಮನೆ'. ಇಂಗ್ಲೆಂಡಿನವರು 'ಬಾಬಿ' ಅಂತಾರೆ. 1829ರಲ್ಲಿ ಲಂಡನ್ನಿನ ಮೆಟ್ರೋಪಾಲಿಟನ್ ಪೊಲೀಸ್ ಕಟ್ಟಿದ ಗೃಹಮಂತ್ರಿ ರಾಬರ್ಟ್ ಪೀಲ್. ರಾಬರ್ಟ್ ಅನ್ನೋದರ ಸಲಿಗೆಯ ರೂಪ ಬಾಬಿ. ಮಂತ್ರಿಯ ಹೆಸರನ್ನೇ ಪೇದೆಗೆ ಅಂಟಿಸಿ ನಕ್ಕರು. ನಮಗೆ ಅದೇ ಬ್ರಿಟಿಷರು 1857ರ ದಂಗೆ ಆದಮೇಲೆ ಕೊಟ್ಟದ್ದು 1861ರ ಪೊಲೀಸ್ ಕಾಯ್ದೆ. ಅದರಾಗ ನಗೋದಕ್ಕೆ ಏನೂ ಇರಲಿಲ್ಲ ಬಿಡ್ರಿ.

ನಮ್ಮ ರಾಯಚೂರು ನಿಜಾಮನ ಕೈಯಾಗಿತ್ತು. ಗುಂಜಹಳ್ಳಿ ಕೇರಿಯಾಗ ಹಿರೇರು ಇನ್‌ಸ್ಪೆಕ್ಟರಿಗೆ 'ಅಮೀನಸಾಬ್' ಅನ್ನೋರು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಟ್ಯಾಂಕು ತಂದು ಬಂದರೂ ಅದಕ್ಕಿಟ್ಟ ಹೆಸರು 'ಪೊಲೀಸ್ ಆಕ್ಷನ್'!

ಆದರೆ ನಮ್ಮ ಕಡೆ ಪೊಲೀಸ್ ಅನ್ನೋದು ಅಡ್ಡಹೆಸರು ಕೂಡ. ಕಂದಾಯ ನೋಡಿದವನು ಮಾಲಿಪಾಟೀಲ, ಊರಿನ ಬಂದೋಬಸ್ತು ನೋಡಿದವನು ಪೊಲೀಸ್ ಪಾಟೀಲ. ಅಪ್ಪನಿಂದ ಮಗನಿಗೆ ಬರೋ ಅಧಿಕಾರ. ಅವರ ಮಾತಿಗೆ ಓಡಾಡೋಕೆ ತಳವಾರ, ವಾಲೀಕಾರ. ನಮ್ಮ ಮನೆಯವರದು ಡಂಗುರ ಸಾರೋದು, ಸಾವಿನ ಸುದ್ದಿ ಒಯ್ಯೋದು. ಗ್ರಾಮ ಹುದ್ದೆಗಳನ್ನ 1961ರ ಕಾಯ್ದೆ ರದ್ದು ಮಾಡಿತು. ಅಡ್ಡಹೆಸರು ಉಳೀತು, ಕಟ್ಟೆ ಮ್ಯಾಲಿನ ಪಂಚಾಯ್ತಿನೂ ಉಳೀತು.

ಹಂಗಾಗಿ ನಮ್ಮ ಕೇರಿಯಾಗ ಯಾರೂ 'ಮಾಮಾ' ಅನ್ನಲ್ಲ. ಸೋದರಮಾವನ ಸಲಿಗೆ ಇರಬೇಕಲ್ಲ! ನಮ್ಮವನೇ ಒಬ್ಬ ಪೇದೆಯಾದ. ಖಾಕಿ ಹಾಕ್ಕೊಂಡು ಬಂದರೆ ಎತ್ತಿ ಆಡಿಸಿದ ಮುದುಕಿಯೇ 'ಸಾಹೇಬ್ರ' ಅಂತ ಎದ್ದು ನಿಲ್ತಾಳ.

ಅವರು ನಮಗಿಟ್ಟ ಹೆಸರೂ ಐತಿ. ಕೇರಿಯ ಒಬ್ಬ ಅಕ್ಕನನ್ನ ಕರ್ಕೊಂಡು ದೂರು ಕೊಡೋಕೆ ಹೋಗಿದ್ದೆ. ಯಾವ ಠಾಣೆ ಅನ್ನೋದು ಇಲ್ಲಿ ಬ್ಯಾಡ. ಆಕೆ ಬಾಯಿ ತೆಗೆಯೋ ಮೊದಲೇ ಒಳಗಿನಿಂದ ಬಂದ ಮಾತು: "ಬಂತು ನೋಡ್ರಿ, ಅಟ್ರಾಸಿಟಿ ಪಾರ್ಟಿ." ಆಮೇಲೆ 'ರಾಜಿ ಮಾಡ್ಕೊಳ್ಳವ್ವಾ, ನಾಳೆ ಅದೇ ಊರಾಗ ಬಾಳ್ವೆ ಮಾಡ್ಬೇಕು' ಅನ್ನೋ ಉಪದೇಶ. ಮಧ್ಯಾಹ್ನ ಹೋದವರು ದೀಪ ಹಚ್ಚೋತನಕ ಬೆಂಚಿನ ಮ್ಯಾಲೆ.

ಆವತ್ತು ನನ್ನ ಚೀಲದಾಗ ಕಾಯ್ದೆ ಪುಸ್ತಕ ಇತ್ತು. 1989ರ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮು: ಬಾಯಿಮಾತಿನ ದೂರು ಬರಕೊಂಡರೆ ಸಹಿ ಹಾಕಿಸೋ ಮೊದಲು ಓದಿ ಹೇಳಬೇಕು, ಕೂಡಲೇ ಪ್ರತಿ ಕೊಡಬೇಕು, ಬೇಕಂತಲೇ ಮಾಡದಿದ್ರ ಅಧಿಕಾರಿಗೇ ಶಿಕ್ಷೆ. 2018ರಲ್ಲಿ ಸೇರಿದ 18ಎ: ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ತನಿಖೆ ಡಿವೈಎಸ್‌ಪಿಗಿಂತ ಕೆಳಗಿನವರು ಮಾಡಂಗಿಲ್ಲ, ಅದು 1995ರ ನಿಯಮ.

ಅಕ್ಕ ಓದಿದವಳಲ್ಲ. ಪೆನ್ನು ಕೈಗೆ ಕೊಟ್ಟಾಗ ಕೆಳಗಿಟ್ಟಳು. "ಏನು ಬರದೀರಿ, ಓದ್ರಿ ಸಾಹೇಬ್ರ" ಅಂದಳು.

ಓದಿದರು. ಆಕೆಗೆ ಬೈದ ಜಾತಿ ಬೈಗುಳ ಅದರಾಗ ಇರಲೇ ಇಲ್ಲ. 'ಅವಾಚ್ಯ ಶಬ್ದ' ಅಂತ ಬರದಿದ್ದರು. ಮತ್ತೆ ಬರೆಸಿದಿವಿ, ಆ ಶಬ್ದ ಇದ್ದಂಗೇ.