ಕಣ್ಣಿಗೆ ಕಾಣದ ತುಂತುರು

ಪೆನ್ನಾಗರದಿಂದ ಹೊಗೇನಕಲ್ಲಿಗೆ ಸುಮಾರು ೧೬ ಕಿಲೋಮೀಟರು. ಕಾವೇರಿ ಬಂಡೆಗಪ್ಪಳಿಸಿದಾಗ ಏಳುವ ತುಂತುರನ್ನು ಹೊಗೆಯೆಂದು ಕಂಡು ಆ ತಾಣಕ್ಕೆ ಹೆಸರಿಟ್ಟ ನುಡಿ ಕನ್ನಡ. ಆ ಸೀಮೆಯ ಕನ್ನಡ ಮನೆಯೊಂದರಲ್ಲಿ ಬೆಳೆದು, ಈಗ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಜೀವಂತ ಕೋಶಗಳನ್ನು ವಿಂಗಡಿಸುವ ಹೆಣ್ಣುಮಗಳೊಬ್ಬಳಿಗೆ ‘ಏರೋಸಾಲ್’ ಎಂದರೇನೆಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆದರೆ ಹೊಗೇನಕಲ್ಲಿನ ಹೊಗೆ ಕಾಣುತ್ತದೆ. ಆಕೆಯ ಯಂತ್ರದ್ದು ಕಾಣುವುದಿಲ್ಲ.

ಫ್ಲೋ ಸೈಟೊಮೀಟರಿನಲ್ಲಿ ರಕ್ತದ ಕೋಶಗಳು ಒಂದರ ಹಿಂದೊಂದು ಲೇಸರ್ ಬೆಳಕನ್ನು ಹಾಯುತ್ತವೆ. ಕೂದಲೆಳೆಯಷ್ಟು ಕಿರಿದಾದ ರಂಧ್ರದಿಂದ ಹೊರಟ ಧಾರೆ ಸೆಕೆಂಡಿಗೆ ಹತ್ತಾರು ಸಾವಿರ ಹನಿಗಳಾಗಿ ಒಡೆಯುತ್ತದೆ. ಬೇಕಾದ ಕೋಶವುಳ್ಳ ಹನಿಗೆ ವಿದ್ಯುದಂಶವಿತ್ತು ಪಕ್ಕದ ನಳಿಗೆಗೆ ಸೆಳೆಯುತ್ತಾರೆ. ೧೯೬೫ರಲ್ಲಿ ಅಮೆರಿಕದ ಮ್ಯಾಕ್ ಫುಲ್ವೈಲರ್ ತೋರಿಸಿದ ಉಪಾಯವಿದು. ವಿಂಗಡಿಸಿದ ಕೋಶ ಮುಂದೆ ಬೆಳೆಯಬೇಕಾದ್ದರಿಂದ ಅದನ್ನು ಫಾರ್ಮಾಲ್ಡಿಹೈಡಿನಲ್ಲಿ ಅದ್ದುವಂತಿಲ್ಲ. ರಕ್ತದಲ್ಲಿ ಹೆಪಟೈಟಿಸ್-ಬಿ ವೈರಾಣುವಿದ್ದರೆ ಅದೂ ಜೀವಂತವೇ.

ಧಾರೆ ನೆಟ್ಟಗಿರುವವರೆಗೆ ಭಯ ಕಡಿಮೆ. ಕೋಶಗಳ ಗಂಟೊಂದು ರಂಧ್ರಕ್ಕೆ ಸಿಕ್ಕಿತೋ, ಧಾರೆ ಓರೆಯಾಗಿ ಲೋಹಕ್ಕೆ ಬಡಿದು ಮಂಜಾಗುತ್ತದೆ. ಉಸಿರಿನ ಮೂಲಕ ಬರುವ ಸೋಂಕನ್ನು ಕನ್ನಡನಾಡು ಹಗುರವಾಗಿ ಕಾಣಲಾಗದು: ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಗುರುತಿಸಿದ ಮಂಗನ ಕಾಯಿಲೆ, ಉಣ್ಣಿ ಕಚ್ಚದಿದ್ದರೂ ಪ್ರಯೋಗಾಲಯದಲ್ಲೇ ಅನೇಕರಿಗೆ ತಗಲಿತು.

ಒಂದು ಸಂಜೆ ಆ ಗಂಟು ಸಿಕ್ಕಿತು. ಯಂತ್ರದಲ್ಲಿದ್ದುದು ಮತ್ತೆ ಸುಲಭಕ್ಕೆ ದೊರೆಯದ ರೋಗಿಯೊಬ್ಬರ ರಕ್ತ. ನಳಿಗೆಯಲ್ಲಿ ಆಗಲೇ ಇಳಿದಿದ್ದ ಕೋಶಗಳನ್ನಾದರೂ ಉಳಿಸಿಕೊಳ್ಳುವ ಆತುರದಿಂದ ಹಿರಿಯ ಸಂಶೋಧಕರು, “ಬಾಗಿಲು ತೆಗೆಯಮ್ಮ, ಬೇಗ” ಎಂದರು. ಅವರ ಸಂಕಟವೂ ಸುಳ್ಳಲ್ಲ; ಎಂಟು ತಿಂಗಳ ಕೆಲಸ ಅದರ ಮೇಲೆ ನಿಂತಿತ್ತು. “ತೆಗೆಯುವುದಿಲ್ಲ ಸಾರ್, ಗಾಳಿ ಹೀರಿಹೋಗಲಿ” ಎಂದು ಆಕೆ ಧಾರೆ ನಿಲ್ಲಿಸಿ, ಗಡಿಯಾರ ನೋಡುತ್ತ ನಿಂತಳು. ಕೈಗವಸು, ಕಣ್ಣಿನ ಕವಚ, ಎನ್-೯೫ ಮುಖಗವಸು ಎಲ್ಲವೂ ಇದ್ದವು. ಅವು ಕಾಯುವಿಕೆಗೆ ಬದಲಿಯಲ್ಲವೆಂಬುದು ಆಕೆಯ ಹಟ. ನಿಯಮದ ಆ ಕೆಲವು ನಿಮಿಷಗಳು ಮುಗಿಯುವಷ್ಟರಲ್ಲಿ ನಳಿಗೆಯೊಳಕ್ಕೂ ಓರೆಧಾರೆ ಸಿಡಿದಿದ್ದುದು ತಿಳಿಯಿತು, ಮಾದರಿ ಕೆಟ್ಟಿತ್ತು. ಹಿರಿಯರು ಮಾತಾಡದೆ ಹೊರಟುಹೋದರು.

ಮರುದಿನ ಆಕೆ ರಕ್ತದ ಬದಲು ಬೆಳಕಿಗೆ ಹೊಳೆಯುವ ಪ್ಲಾಸ್ಟಿಕ್ ಕಣಗಳನ್ನು ಹರಿಸಿ, ಬೇಕೆಂದೇ ಧಾರೆಯನ್ನು ಕೆಡಿಸಿದಳು. ಬಾಗಿಲ ಒಳಗೂ ಹೊರಗೂ ಇಟ್ಟಿದ್ದ ಗಾಜಿನ ಪಟ್ಟಿಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಹಿರಿಯರನ್ನು ಕರೆದಳು. ಹೊರಗಿನ ಪಟ್ಟಿಯಲ್ಲಿ ಒಂದು ಚುಕ್ಕಿಯೂ ಇರಲಿಲ್ಲ. ಒಳಗಿನದನ್ನು ಅವರು ಬಹಳ ಹೊತ್ತು ನೋಡಿದರು, ಎಣಿಸಲು ಹೋಗಲಿಲ್ಲ.